ಜೋಡಿ ಸಿಗದ ಓಲೆ

ಫೆಬ್ರವರಿಯ ಎರಡನೆಯ ವಾರ ಬಲ್ಗೇರಿಯಾದಿಂದ ಒಂದು ಮರದ ಪೆಟ್ಟಿಗೆ ಬಂತು. ಅದರ ಹಿಂದೆಯೇ, ಅದರ ಮೇಲಿಟ್ಟ ಕಣ್ಣು ಕೀಳದೆ, ಅರವತ್ತು ದಾಟಿದ ಒಬ್ಬ ಹೆಂಗಸೂ ಬಂದಳು. ಕಂದು ಬಣ್ಣದ ಕೋಟು, ಗಂಡಸರು ಹಾಕುವಂಥ ಬೂಟು, ಹೆಗಲಲ್ಲೊಂದು ಬಟ್ಟೆಯ ಚೀಲ. ಹೆಸರು ರಾದ್ಕಾ. ಡ್ಯಾನ್ಯೂಬ್ ನದಿಯ ದಂಡೆಯ ಒಂದು ಪುಟ್ಟ ಊರಿನಲ್ಲಿ ಎರಡೇ ಕೋಣೆಯ ಮ್ಯೂಸಿಯಂ ನೋಡಿಕೊಳ್ಳುವವಳು. ಪೆಟ್ಟಿಗೆಯಲ್ಲಿದ್ದದ್ದು ಅವಳ ಊರಿನ ದ್ರಾಕ್ಷಿತೋಟದಲ್ಲಿ, ರೋಮನ್ನರ ಕಾಲದ ಒಬ್ಬ ಹೆಂಗಸಿನ ಗೋರಿಯಲ್ಲಿ ಸಿಕ್ಕ ಒಡವೆಗಳು: ಒಂದು ಬಳೆ, ಒಂದು ಸರ, ಕೆತ್ತಿದ ಹರಳಿನ ಒಂದು ಉಂಗುರ, ಒಂದು ಕಿವಿಯೋಲೆ.

ಮ್ಯಾನ್‌ಹ್ಯಾಟನ್‌ನ ಆ ಸಣ್ಣ ಖಾಸಗಿ ಮ್ಯೂಸಿಯಂನಲ್ಲಿ ವಸ್ತುಗಳ ಬರುಹೋಗು ನೋಡಿಕೊಳ್ಳುತ್ತಿದ್ದವಳು ನವ್ಯಾ. ಮೈಸೂರಿನವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ ಹತ್ತಿರದ ಓಲ್ಡ್ ಬ್ರಿಡ್ಜ್ ಪಟ್ಟಣದಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವಳು ನೆಲಮಾಳಿಗೆಗೆ ಇಳಿದುಬಂದು ಅಲ್ಲಿ ಕೆಲಸ ಮಾಡುವ ಅಣ್ಣಪ್ಪನಿಗೆ ನಿಯಮ ತಿಳಿಸಿದಳು. ಪೆಟ್ಟಿಗೆ ತೆರೆಯುವಾಗ, ಒಡವೆ ಮುಟ್ಟುವಾಗ, ಕೊನೆಗೆ ಗಾಜಿನೊಳಗಿಟ್ಟು ಬೀಗ ಹಾಕುವವರೆಗೂ ಈ ಹೆಂಗಸು ಎದುರಿಗೇ ಇರಬೇಕು.

“ಶೀ ವಿಲ್ ಸಿಟ್ ವಿತ್ ಯೂ, ಅಂಕಲ್. ಆಲ್ ಡೇ. ಈಸ್ ದಟ್ ಓಕೆ?”

“ಕೂಡ್ಲಿ ಬಿಡವಾ. ನಂದೇನೂ ತಕರಾರಿಲ್ಲ,” ಎಂದ ಅಣ್ಣಪ್ಪ. ಹನ್ನೊಂದು ವರ್ಷದಿಂದ ಅವನ ಎದುರಿಗೆ ಯಾರೂ ದಿನವಿಡೀ ಕೂತಿರಲಿಲ್ಲ.

ಅಣ್ಣಪ್ಪ ಪತ್ತಾರ ಧಾರವಾಡದ ಅಕ್ಕಸಾಲಿಗರ ಮನೆಯವನು. ಮೂವತ್ತರ ಆಸುಪಾಸಿನಲ್ಲಿ ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ನಾಲ್ಕನೆಯ ಬೀದಿಯ ಒಂದು ಒಡವೆ ಅಂಗಡಿಗೆ ಕುಸುರಿ ಕೆಲಸಕ್ಕೆಂದು ಬಂದ. ಅಂಗಡಿಯ ಹಿಂಭಾಗದಲ್ಲಿ ನಾಲ್ಕು ಜನ ಸಾಲಾಗಿ ಕೂತು ಬೋರಮಾಳ, ಬೆಂಡೋಲೆ, ಬಿಲ್ವಾರ ಮಾಡುತ್ತಿದ್ದರು. ಆಮೇಲೆ ದುಬೈಯಿಂದ ಯಂತ್ರದ ಮಾಲು ಬರತೊಡಗಿತು. ಮೇಜುಗಳನ್ನು ಕಿತ್ತು ಅಲ್ಲಿ ಕನ್ನಡಿ ಹಾಕಿದರು. ಉಳಿದ ಮೂವರು ಒಬ್ಬೊಬ್ಬರಾಗಿ ಚದುರಿಹೋದರು. ಅಣ್ಣಪ್ಪನ ಕೈ ನೋಡಿದ್ದ ಗಿರಾಕಿಯೊಬ್ಬರು ಅವನನ್ನು ಈ ಮ್ಯೂಸಿಯಂಗೆ ಸೇರಿಸಿದರು. ಇಲ್ಲಿ ಅವನ ಕೆಲಸ ಹಿತ್ತಾಳೆಯದು. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಒಡವೆ ತಾನಾಗಿಯೇ ನಿಂತಂತೆ ಕಾಣಬೇಕಾದರೆ ಅದರ ಹಿಂದೆ ತೆಳು ತಂತಿಯ ಒಂದು ಆಸರೆ ಬೇಕು. ಅದು ಒಡವೆಗೆ ಗೀರು ಬೀಳಿಸಬಾರದು, ನೋಡುವವರ ಕಣ್ಣಿಗೂ ಬೀಳಬಾರದು. ಅಂಥ ಆಸರೆಗಳನ್ನು ಬಗ್ಗಿಸಿ, ಬೆಸೆದು, ಬಣ್ಣ ಬಳಿದು ಕೊಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಗುಲಗಂಜಿ ತೂಕದ ಬಂಗಾರವನ್ನೂ ಅವನು ಕರಗಿಸಿರಲಿಲ್ಲ.

ಮನೆಯಲ್ಲಿ ಒಬ್ಬನೇ. ಹೆಂಡತಿ ಜಲಜಾಕ್ಷಿ ಅಂಕೋಲೆಯವಳು; ಎರಡು ಚಳಿಗಾಲ ಅವನ ಜೊತೆಗಿದ್ದಳು. ತಂಗಿಯ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋದವಳು ಅಲ್ಲೇ ಒಂದು ಶಾಲೆಯಲ್ಲಿ ಕೆಲಸ ಹಿಡಿದಳು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ಹಬ್ಬಕ್ಕೊಮ್ಮೆಯಾಯಿತು. ಒಂದು ಯುಗಾದಿಗೆ ಅವಳೂ ಮಾಡಲಿಲ್ಲ, ಇವನೂ ಮಾಡಲಿಲ್ಲ. ಅವರ ನಡುವೆ ಜಗಳವೇ ಆಗಿರಲಿಲ್ಲ. ಆಗಿದ್ದರೆ ರಾಜಿ ಮಾಡಿಕೊಳ್ಳುವುದಕ್ಕಾದರೂ ಏನೋ ಒಂದು ಇರುತ್ತಿತ್ತು.

ಮೊದಲ ದಿನ ರಾದ್ಕಾ ಗೋಡೆಗೆ ಒತ್ತಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ರೈಲ್ವೆ ಸ್ಟೇಷನ್ನಿನಲ್ಲಿ ಕೂತವಳಂತೆ ಕೂತಿದ್ದಳು. ಅಣ್ಣಪ್ಪ ನೀಲಿ ಕೈಗವಸು ತೊಟ್ಟು ಓಲೆಯನ್ನು ಕೈಗೆತ್ತಿಕೊಂಡ. ಒಂದು ಸಣ್ಣ ಬಿಲ್ಲೆ, ಅದರ ನಡುವೆ ಕೆಂಪು ಹರಳು, ಹರಳಿನ ಸುತ್ತ ಸಾಸಿವೆಗಿಂತ ಸಣ್ಣ ಬಂಗಾರದ ಗುಂಡುಗಳ ಸಾಲು. ಕೆಳಗೆ ಮೂರು ತೂಗುಕಡ್ಡಿ, ತುದಿಗೆ ಮುತ್ತು. ಒಂದು ಮುತ್ತು ಉದುರಿಹೋಗಿತ್ತು. ಜೊತೆಗೆ ಬಂದಿದ್ದ ಕಾಗದದಲ್ಲಿ ಬರೆದಿತ್ತು: ಕಿವಿಯೋಲೆ, ಒಂದು. ಜೋಡಿ ಸಿಕ್ಕಿಲ್ಲ.

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ: ಈ ಕೊಕ್ಕೆ ಒಳಮಗ್ಗುಲಲ್ಲಿ ಸವೆದಿದೆ, ಆ ಹೆಂಗಸು ಇದನ್ನು ಪೆಟ್ಟಿಗೆಯಲ್ಲಿಟ್ಟವಳಲ್ಲ, ಹತ್ತಿಪ್ಪತ್ತು ವರ್ಷ ದಿನಾ ಕಿವಿಯಲ್ಲಿ ಹಾಕಿಕೊಂಡವಳು. ನಡುವಿನ ಕಡ್ಡಿ ಒಮ್ಮೆ ಮುರಿದಿದೆ, ಬೆಸುಗೆ ಹಾಕಿದ ಕೈ ಬೇರೆಯದು. ಓಲೆ ಮಾಡಿದವನು ಪಳಗಿದವನು, ಯಾವುದೋ ದೊಡ್ಡ ಪಟ್ಟಣದವನಿರಬೇಕು. ದುರಸ್ತಿ ಮಾಡಿದವನಿಗೆ ಅಷ್ಟು ಕೈ ಸಾಗುತ್ತಿರಲಿಲ್ಲ. ಅವನು ನಿಮ್ಮ ಊರಿನವನೇ ಇದ್ದಾನು.

ರಾದ್ಕಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಇಂಗ್ಲಿಷೂ ಇವನದಷ್ಟೇ. ಇಬ್ಬರೂ ಒಂದೊಂದು ಪದ ಆಯ್ದು ಆಯ್ದು ಇಡುವವರಾದ್ದರಿಂದ ಮಾತು ನಿಧಾನವಾಗಿ, ಆದರೆ ತಪ್ಪಿಲ್ಲದೆ ತಲುಪುತ್ತಿತ್ತು. ನಮ್ಮ ಊರಿನಲ್ಲಿ ಆ ಕಾಲಕ್ಕೆ ಅಕ್ಕಸಾಲಿ ಇದ್ದ ಎಂದು ಯಾವ ಪ್ರೊಫೆಸರೂ ಹೇಳಿಲ್ಲ ಎಂದಳು. ಚೀಲದಿಂದ ನೋಟ್‌ಬುಕ್ ತೆಗೆದು, ಅವನಿಂದ ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು.

ಮಧ್ಯಾಹ್ನ ಅವಳು ಬ್ರೆಡ್ಡು, ಉಪ್ಪಿನ ಚೀಸು ಬಿಚ್ಚಿದಳು. ಅಣ್ಣಪ್ಪ ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದ. ಚಟ್ನಿಪುಡಿಯನ್ನು ಅವಳು ಚೀಸಿನ ಮೇಲೆ ಉದುರಿಸಿಕೊಂಡು ತಿಂದಳು. ಮಾರನೆಯ ದಿನ ಅಣ್ಣಪ್ಪ ಮೂರು ಚಪಾತಿಯ ಜಾಗದಲ್ಲಿ ಆರು ತಂದ. ಬೆಳಿಗ್ಗೆ ಏಳನೆಯ ನಂಬರಿನ ರೈಲಿನಲ್ಲಿ ಕೂತಾಗ ಡಬ್ಬಿಯ ಬಿಸಿ ಮೊಣಕಾಲಿಗೆ ತಾಗುತ್ತಿತ್ತು. ಈ ವಾರ ಮುಗಿಯುವುದು ಇನ್ನೂ ದೂರ ಇದೆ ಎಂದು ಅವನು ಎರಡು ಸಲ ಅಂದುಕೊಂಡ.

ಒಡವೆ ಸಿಕ್ಕ ಕತೆಯನ್ನು ಅವಳು ಎರಡನೆಯ ದಿನ ಹೇಳಿದಳು. ಅವಳಿಗಾಗ ಹನ್ನೊಂದು ವರ್ಷ. ಅಪ್ಪ ಸಹಕಾರಿ ತೋಟದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೊಸ ಬಳ್ಳಿ ನೆಡಲು ಆಳವಾಗಿ ಉಳುವಾಗ ನೇಗಿಲು ಕಲ್ಲಿನ ಮುಚ್ಚಳಕ್ಕೆ ಬಡಿಯಿತು. ಊರೆಲ್ಲ ಓಡಿಬಂತು. ಸಂಜೆಯ ಹೊತ್ತಿಗೆ ಪೊಲೀಸರು, ವಾರದಲ್ಲಿ ರಾಜಧಾನಿಯಿಂದ ಪ್ರೊಫೆಸರು. ಅವರ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ್ದು ಮೂರು ಸಾಲು. ‘ಆಕಸ್ಮಿಕವಾಗಿ ದೊರೆತದ್ದು’ ಎಂದಿತ್ತು. ಅಪ್ಪನ ಹೆಸರು ಇರಲಿಲ್ಲ. ಆ ಸಾಲು ಓದಿಯೇ ತಾನು ಮ್ಯೂಸಿಯಂ ಕೆಲಸಕ್ಕೆ ಸೇರಿದ್ದು ಎಂದಳು. ಮೂವತ್ತೆರಡು ವರ್ಷದಿಂದ ಅಲ್ಲಿನ ಬೀಗದ ಕೈ ಅವಳದೇ. ಗಂಡ ತೀರಿಕೊಂಡು ಒಂಬತ್ತು ವರ್ಷ. ಚಳಿಗಾಲದಲ್ಲಿ ಮ್ಯೂಸಿಯಂಗೆ ಯಾರೂ ಬರುವುದಿಲ್ಲ, ಒಂದೊಂದು ದಿನ ತನ್ನ ದನಿ ತನಗೇ ಮರೆತುಹೋಗುತ್ತದೆ ಎಂದು ಹೇಳಿ ನಕ್ಕಳು. ಅಣ್ಣಪ್ಪ ನಗಲಿಲ್ಲ, ತನಗೂ ಹಾಗಾಗುತ್ತದೆ ಎಂದ.

ಗುರುವಾರ ಬೆಳಿಗ್ಗೆ ಅವಳ ಬಲಗೈ ಉಂಗುರದ ಬೆರಳು ಬಾತುಕೊಂಡಿತ್ತು. ವಿಮಾನ ಇಳಿದಾಗಿನಿಂದಲೂ ಹೀಗೆ, ಈಗ ನೋಯುತ್ತಿದೆ, ಈ ಮದುವೆಯ ಉಂಗುರ ತೆಗೆಯಲು ಬರುತ್ತದೆಯೇ ಎಂದು ಕೇಳಿದಳು. ಅಣ್ಣಪ್ಪ ನೂಲು ತಂದು ಉಂಗುರದ ಕೆಳಗೆ ತೂರಿಸಿ, ಬೆರಳಿಗೆ ಒತ್ತೊತ್ತಾಗಿ ಸುತ್ತಿ, ಸೋಪು ಹಚ್ಚಿ ನಿಧಾನವಾಗಿ ಬಿಚ್ಚುತ್ತ ಬಂದ. ಉಂಗುರ ಸುತ್ತುಸುತ್ತಿಗೆ ಜಾರಿ ಅವನ ಅಂಗೈಗೆ ಬಿತ್ತು. ದಪ್ಪ, ಅಗಲ, ಒರಟು ಉಂಗುರ, ಅವಸರದಲ್ಲಿ ಬಡಿದಂಥದ್ದು. ಅಭ್ಯಾಸಬಲದಿಂದ ಅವನು ಅದನ್ನು ಭೂತಗನ್ನಡಿಗೆ ಹಿಡಿದ.

ಬಂಗಾರದ ಮೈಮೇಲೆ ಎರಡು ಕಡೆ ಬೂದು ಬಣ್ಣದ ಸೂಜಿಮೊನೆಯಷ್ಟು ಚುಕ್ಕೆಗಳಿದ್ದವು. ಹೊಳೆಯ ಮರಳು ಜಾಲಿಸಿ ತೆಗೆದ ಹಳೆಯ ಕಾಲದ ಬಂಗಾರದಲ್ಲಿ ಇಂಥ ಗಟ್ಟಿ ಕಣಗಳು ಉಳಿದುಬಿಡುತ್ತವೆ. ಎಷ್ಟು ಕಾಸಿದರೂ ಕರಗುವುದಿಲ್ಲ. ಈಗಿನ ಶುದ್ಧ ಮಾಡಿದ ಬಂಗಾರದಲ್ಲಿ ಅವು ಇರುವುದಿಲ್ಲ. ಮೂರು ದಿನದಿಂದ ಅವನು ಅಂಥವೇ ಚುಕ್ಕೆಗಳನ್ನು ಓಲೆಯ ಬಿಲ್ಲೆಯ ಮೇಲೆ ನೋಡುತ್ತಿದ್ದ. ಬಣ್ಣವೂ ಅದೇ, ಹಸಿರು ಮಿಶ್ರಿತ ತಿಳಿಹಳದಿ.

ಅವನು ಉಂಗುರವನ್ನು ಮೇಜಿನ ಮೇಲಿಟ್ಟು, “ಇದು ಹಳೆಯ ಬಂಗಾರ,” ಎಂದಷ್ಟೇ ಅಂದ.

ರಾದ್ಕಾ ಬಾಗಿಲ ಕಡೆ ನೋಡಿದಳು. ನೂಲಿನ ಗುರುತು ಬಿದ್ದ ಬೆರಳನ್ನು ತಿಕ್ಕಿಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಕಲ್ಲಿನ ಮುಚ್ಚಳ ಸರಿದಾಗ ಅಪ್ಪ ಜನ ಸೇರುವ ಮೊದಲೇ ಒಂದು ಓಲೆಯನ್ನು ಕಿಸೆಗೆ ಹಾಕಿಕೊಂಡಿದ್ದ. ಯಾಕೆಂದು ಅವನಿಗೂ ತಿಳಿದಿರಲಿಲ್ಲವಂತೆ. ಹತ್ತು ವರ್ಷದ ಮೇಲೆ ಅವಳ ಮದುವೆ ಬಂತು. ಆಗ ಅವರಲ್ಲಿ ಬಂಗಾರ ಬೇಕೆಂದರೆ ಸಿಗುವ ಕಾಲವಲ್ಲ. ಅಪ್ಪ ಆ ಓಲೆಯ ಹರಳು ಮುತ್ತು ಕಿತ್ತು ನದಿಗೆಸೆದು, ಉಳಿದದ್ದನ್ನು ನೆರೆಯೂರಿನ ಅಕ್ಕಸಾಲಿಗೆ ಕೊಟ್ಟು ಈ ಉಂಗುರ ಮಾಡಿಸಿದ. ಸಾಯುವ ವಾರ ಮಗಳಿಗೆ ಹೇಳಿದ. ಅಷ್ಟರಲ್ಲಾಗಲೇ ಅವಳು ಮ್ಯೂಸಿಯಂನ ಬೀಗದ ಕೈ ಹಿಡಿದು ಆರು ವರ್ಷವಾಗಿತ್ತು.

“ಜೋಡಿ ಸಿಕ್ಕಿಲ್ಲ. ಆ ಚೀಟಿ ನಾನೇ ಬರೆದದ್ದು. ಈ ಕೈಯಿಂದಲೇ,” ಎಂದಳು.

ಅಣ್ಣಪ್ಪ ಉಂಗುರವನ್ನು ಓಲೆಯ ಪಕ್ಕಕ್ಕೆ ಸರಿಸಿಟ್ಟ. ರಾದ್ಕಾ ಮುಂದುವರಿಸಿದಳು. ನೀವು ಮಾಡಬಲ್ಲಿರಿ. ನಿಮ್ಮ ಕಣ್ಣು ನಾನು ನೋಡಿದ್ದೇನೆ. ಇದನ್ನು ಕರಗಿಸಿ ಮತ್ತೆ ಓಲೆ ಮಾಡಿಕೊಡಿ. ಹಾಗೇ, ಆ ಸವೆದ ಕೊಕ್ಕೆಯ ಸಮೇತ. ತೋಟದಲ್ಲಿ ಈಗ ಸಿಕ್ಕಿತು ಎಂದು ಹೇಳುತ್ತೇನೆ. ಜೋಡಿ ಜೋಡಿಯಾಗಿಬಿಡುತ್ತದೆ.

ತಪ್ಪು ಎಂದು ಅಣ್ಣಪ್ಪನಿಗೆ ಗೊತ್ತಿತ್ತು. ಆದರೂ ಅವನ ಬೆರಳು ಆಗಲೇ ಗುಂಡು ಹಾಕುವ ಲೆಕ್ಕ ಹಿಡಿದಿತ್ತು. ಬಂಗಾರ ಮುಟ್ಟಿ ಕೆಲಸ ಮಾಡು ಎಂದು ಅವನಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತು! ಸೋಮವಾರ ತಂದುಕೊಡುತ್ತೇನೆ ಎಂದು ಉಂಗುರವನ್ನು ಕಿಸೆಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಎಪ್ಪತ್ನಾಲ್ಕನೆಯ ಬೀದಿಯಲ್ಲಿ ಶಿವಪ್ರಸಾದನ ಅಂಗಡಿಗೆ ಹೋದ. ಶಿವಪ್ರಸಾದ ಉಡುಪಿ ಕಡೆಯವನು, ಹಳೆಯ ಪರಿಚಯ. ಒಡವೆ ರಿಪೇರಿಗೆಂದು ಇನ್ನೂ ಒಂದು ಮೇಜು ಇಟ್ಟುಕೊಂಡಿದ್ದ.

“ಎಂತ ಮಾರಾಯ, ಇಷ್ಟು ವರ್ಷದ ಮೇಲೆ ಕೈ ತುರಿಸಿತಾ?” ಎಂದು ಶಿವಪ್ರಸಾದ ಕೇಳಿದ.

“ಹೂಂ, ಒಬ್ಬರ ಕೆಲಸ ಐತ್ರಿ. ಒಂದೆರಡು ತಾಸು ಕೂಡ್ತೀನಿ,” ಎಂದ ಅಣ್ಣಪ್ಪ.

ಮೊದಲು ಅಳತೆಯ ಕೋಲಿಗೆ ಉಂಗುರ ಹಾಕಿ ನೋಡಿದ. ಆಮೇಲೆ ತೂಗಿದ. ಕರಗಿಸುವ ಮೊದಲು ಕೊಳೆ ತೆಗೆಯಬೇಕು; ನಲವತ್ತು ವರ್ಷದ ಸೋಪು, ಹಿಟ್ಟು, ಬೆವರು ಒಳಬದಿಯಲ್ಲಿ ಗಟ್ಟಿಕಟ್ಟಿತ್ತು. ಅಂಟುವಾಳದ ನೀರು ಕಾಯಿಸಿ ಅದರಲ್ಲಿ ನೆನೆಹಾಕಿದ. ಬಂಗಾರ ಕರಗಿಸುವ ಮೂಸೆ ಸಿದ್ಧ ಮಾಡಿಕೊಂಡ. ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಉಂಗುರ ಒರೆಸಿ ಮೂಸೆಯಲ್ಲಿಟ್ಟು ಬೆಂಕಿ ಹಚ್ಚಿದ. ಆಗ ಜ್ವಾಲೆಯ ಬೆಳಕು ಉಂಗುರದ ಒಳಗೋಡೆಗೆ ಬಿತ್ತು.

ಬೆಂಕಿ ಆರಿಸಿ ಚಿಮಟದಿಂದ ಉಂಗುರವನ್ನು ಹೊರಗೆ ತೆಗೆದ. ಭೂತಗನ್ನಡಿ ಹಾಕಿಕೊಂಡ. ಆ ನೆರೆಯೂರಿನ ಅಕ್ಕಸಾಲಿ ಪೂರ್ತಿ ಕರಗಿಸಿರಲಿಲ್ಲ. ಬಿಲ್ಲೆಯನ್ನು ಮಡಿಚಿ, ಕೆಂಪಗೆ ಕಾಸಿ, ಬಡಿದು ಸುತ್ತಿಬಿಟ್ಟಿದ್ದ. ಒಳಬದಿಯ ಒಂದು ಮಡಿಕೆಯಲ್ಲಿ ಮೂರು ಸಣ್ಣ ಗುಂಡುಗಳು ಹಾಗೇ ಉಳಿದಿದ್ದವು. ಚಪ್ಪಟೆಯಾಗಿದ್ದವು, ಬೆರಳು ಉಜ್ಜಿ ಉಜ್ಜಿ ನಯವಾಗಿದ್ದವು, ಆದರೆ ಸಾಲು ತಪ್ಪಿರಲಿಲ್ಲ. ಅವಸರವೋ, ಅಥವಾ ಕೈಗೆ ಬಂದದ್ದು ಏನೆಂದು ತಿಳಿದು ಆ ಮನುಷ್ಯ ಬೇಕೆಂದೇ ಬಿಟ್ಟನೋ, ಅಣ್ಣಪ್ಪನಿಗೆ ತಿಳಿಯಲಿಲ್ಲ. ಮೂಸೆಗೆ ಹಾಕಿದರೆ ಅವು ಒಂದು ಗಳಿಗೆಯಲ್ಲಿ ಹೋಗುತ್ತವೆ. ಅವನು ಮಾಡುವ ಓಲೆಯಲ್ಲಿ ನೂರು ಗುಂಡು ಇರಬಹುದು, ಆ ಮೂರು ಇರುವುದಿಲ್ಲ.

ಮಧ್ಯಾಹ್ನದವರೆಗೆ ಸುಮ್ಮನೆ ಕೂತ. ಶಿವಪ್ರಸಾದ ಚಹಾ ತಂದಿಟ್ಟು, ಆಯಿತಾ ಎಂದು ಕೇಳಿದಾಗ, “ಇಲ್ರೀ, ಇದು ಮಾಡೂ ಕೆಲಸ ಅಲ್ಲ,” ಎಂದು ಎದ್ದ.

ಸೋಮವಾರ ಉಂಗುರವನ್ನು ಹಾಗೇ ಎದುರಿಗಿಟ್ಟಾಗ ರಾದ್ಕಾಳ ಮುಖ ಗಡುಸಾಯಿತು.

“ನೀವೂ ಆ ಪ್ರೊಫೆಸರ್ ಹಾಗೆಯೇ. ಅವರು ಅಪ್ಪನ ಹೆಸರು ಬಿಟ್ಟರು, ನೀವು ನನಗೆ ಇಲ್ಲ ಅನ್ನುತ್ತೀರಿ,” ಎಂದಳು.

“ನಾನು ಮಾಡಿದರೆ ಯಾರೂ ಕಂಡುಹಿಡಿಯುವುದಿಲ್ಲ. ಅಷ್ಟು ಚೆನ್ನಾಗಿ ಮಾಡುತ್ತೇನೆ. ಅದಕ್ಕೇ ಮಾಡಲಿಲ್ಲ,” ಎಂದು ಅವನು ತಡವರಿಸುತ್ತ ಹೇಳಿದ. ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಉಂಗುರ ತಿರುಗಿಸಿ, ಎಲ್ಲಿ ನೋಡಬೇಕೆಂದು ಸೂಜಿಯಿಂದ ತೋರಿಸಿದ.

ಅವಳು ಬಹಳ ಹೊತ್ತು ನೋಡಿದಳು. ಕನ್ನಡಿ ಕೆಳಗಿಟ್ಟ ಮೇಲೆ ಕಣ್ಣೊರೆಸಿಕೊಂಡಳೋ, ಕನ್ನಡಿಯ ಒತ್ತಿಗೆ ಬಂದ ನೀರನ್ನು ಒರೆಸಿಕೊಂಡಳೋ. ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಗಂಟು ಹಾಕಿ ಕೋಟಿನ ಒಳಕಿಸೆಗಿಟ್ಟಳು. ಅವತ್ತು ಊಟಕ್ಕೂ ಮೇಲಿನ ಕೆಫೆಗೆ ಹೋದಳು. ಅಣ್ಣಪ್ಪ ಆರು ಚಪಾತಿಯಲ್ಲಿ ಎರಡು ತಿಂದು ಡಬ್ಬಿ ಮುಚ್ಚಿದ. ಮಂಗಳವಾರ ಒಡವೆಗಳನ್ನು ಗಾಜಿನೊಳಗಿಟ್ಟು ಬೀಗ ಹಾಕಿದರು. ಅವನ ತಂತಿ ಯಾವುದೂ ಕಾಣುತ್ತಿರಲಿಲ್ಲ. ಹೊರಡುವಾಗ ಅವಳು ಕೈ ಕುಲುಕಿ, ಜೂನ್‌ನಲ್ಲಿ ವಾಪಸು ಒಯ್ಯಲು ಬರುತ್ತೇನೆ ಎಂದಳು. ಸಿಟ್ಟು ಇಳಿದಿತ್ತೋ ಇಲ್ಲವೋ ದನಿಯಿಂದ ಗೊತ್ತಾಗಲಿಲ್ಲ.

ಅಣ್ಣಪ್ಪ ಜೂನ್‌ಗಾಗಿ ಕಾದ. ಮಾರ್ಚ್ ಕೊನೆಗೆ ಹಿಮ ನಿಂತಿತು, ಏಪ್ರಿಲ್‌ನಲ್ಲಿ ಅಲರ್ಜಿಯ ಸೀನು ಶುರುವಾಯಿತು. ಮಧ್ಯಾಹ್ನ ಒಮ್ಮೊಮ್ಮೆ ಮೇಲೆ ಹೋಗಿ ಓಲೆಯ ಎದುರು ನಿಲ್ಲುತ್ತಿದ್ದ. ಜನ ಓದುತ್ತಿದ್ದರು, ‘ಜೋಡಿ ಸಿಕ್ಕಿಲ್ಲ’, ಮುಂದೆ ಹೋಗುತ್ತಿದ್ದರು. ಅವಳು ಬಂದರೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಮೊದಲೇ ಜೋಡಿಸಿಟ್ಟುಕೊಂಡ. ಜ್ಯಾಕ್ಸನ್ ಹೈಟ್ಸ್‌ನಲ್ಲಿ ಅವಳು ನೋಡಬಹುದಾದ ಅಂಗಡಿಗಳನ್ನೂ ಮನಸ್ಸಿನಲ್ಲೇ ಎಣಿಸಿದ. ಫೋನ್ ನಂಬರು ಮಾತ್ರ ಅವನು ಕೇಳಿರಲಿಲ್ಲ, ಅವಳು ಕೊಟ್ಟಿರಲಿಲ್ಲ.

ಜೂನ್ ಮೊದಲ ವಾರ ನವ್ಯಾ ಕೆಳಗೆ ಬಂದು, “ಶೀ ಈಸ್ ನಾಟ್ ಕಮಿಂಗ್, ಅಂಕಲ್. ದೇ ಆರ್ ಸೆಂಡಿಂಗ್ ಸಮ್‌ಒನ್ ಎಲ್ಸ್,” ಎಂದಳು.

“ಯಾಕವಾ? ಆರಾಮಿದ್ದಾಳ?”

ನವ್ಯಾಗೆ ಅದು ತಿಳಿದಿರಲಿಲ್ಲ. ತಿಳಿಸಿದ್ದು ಪೆಟ್ಟಿಗೆ ಒಯ್ಯಲು ಬಂದ ಐವತ್ತರ ಗಂಡಸು. ಪಕ್ಕದ ಪಟ್ಟಣದ ಮ್ಯೂಸಿಯಂನವನು, ಸರಾಗ ಇಂಗ್ಲಿಷಿನವನು. ಊರಿಗೆ ಹೋದ ವಾರವೇ ರಾದ್ಕಾ ಪಂಚಾಯಿತಿಯ ಸಭೆಗೆ ಹೋಗಿ, ಉಂಗುರವನ್ನು ಮೇಜಿನ ಮೇಲಿಟ್ಟು, ಅಪ್ಪನ ಹೆಸರು ಹೇಳಿ, ನಡೆದದ್ದನ್ನೆಲ್ಲ ಬರೆದುಕೊಟ್ಟಳಂತೆ. ಪುರಾತತ್ವ ಇಲಾಖೆಯ ವಿಚಾರಣೆ ನಡೆಯುತ್ತಿದೆ, ಮುಗಿಯುವವರೆಗೆ ಕೆಲಸಕ್ಕೆ ಬರುವಂತಿಲ್ಲ. ಬೀಗದ ಕೈ ಬೇರೆಯವರ ಹತ್ತಿರ ಇದೆ. ಊರಿನವರು ಮೊದಲು ಮಾತು ಬಿಟ್ಟರು. ಆಮೇಲೊಂದು ದಿನ ತೊಂಬತ್ತರ ಮುದುಕಿಯೊಬ್ಬಳು ಅವಳ ಮನೆಗೆ ಬಂದು ಒಂದು ಮುತ್ತು ಕೊಟ್ಟು ಹೋದಳಂತೆ. ಅವತ್ತು ತೋಟದಲ್ಲಿ ಅವಳ ಗಂಡ ಮಣ್ಣಿನಿಂದ ಹೆಕ್ಕಿದ್ದು. ಮತ್ತೊಬ್ಬರು ಒಂದು ಹೇರ್‌ಪಿನ್ನು ತಂದರು, ಇನ್ನೊಬ್ಬರು ಗಾಜಿನ ಮಣಿಗಳನ್ನು. ಯಾರೂ ಹೆಚ್ಚು ಮಾತಾಡುವುದಿಲ್ಲ, ಇಟ್ಟು ಹೋಗುತ್ತಾರೆ. ಅವಳು ಎಲ್ಲವನ್ನೂ ಹೆಸರಿನ ಸಮೇತ ಬರೆದು ಇಲಾಖೆಗೆ ಕಳಿಸುತ್ತಾಳೆ. ಉಂಗುರ ಈಗ ಅವಳ ಊರಿನ ಮ್ಯೂಸಿಯಂನಲ್ಲಿದೆ, ಎಂದು ಹೇಳಿ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬಿಳಿ ಬಟ್ಟೆಯ ಮೇಲೆ, ಮೇಣದ ಉಂಡೆಗೆ ಅಂಟಿಸಿದ ಉಂಗುರ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಒಳಬದಿ ಕಾಣುತ್ತಲೇ ಇರಲಿಲ್ಲ.

ಅಣ್ಣಪ್ಪ ಆ ಮನುಷ್ಯನಿಗೆ ಒಂದು ದಿನ ತಡೆಯಲು ಹೇಳಿದ. ಉಂಗುರ ಎದುರಿಗಿರಲಿಲ್ಲ, ಆದರೆ ಅಳತೆಯ ಕೋಲಿನ ಮೇಲೆ ಅದು ಎಲ್ಲಿ ನಿಂತಿತ್ತು ಎಂಬುದು ನೆನಪಿತ್ತು; ಅಗಲ, ದಪ್ಪ ಬೆರಳಿಗೆ ಗೊತ್ತಿತ್ತು. ಹಿತ್ತಾಳೆಯ ತಂತಿ ಬಗ್ಗಿಸಿ, ಎರಡು ಸಣ್ಣ ತೋಳು ಬೆಸೆದು, ಉಂಗುರ ತುಸು ಹಿಂದಕ್ಕೆ ಒರಗಿ ಒಳಗಿನ ಮಡಿಕೆ ನೋಡುವವರ ಕಡೆ ತಿರುಗುವಂತೆ ಆಸರೆ ಮಾಡಿದ. ಹಸಿರು ಮಿಶ್ರಿತ ತಿಳಿಹಳದಿ ಬಣ್ಣ ಸಿಗಲು ನಾಲ್ಕು ಸಲ ಕಲಸಬೇಕಾಯಿತು. ಹತ್ತಿಯಲ್ಲಿ ಸುತ್ತಿಟ್ಟ. ಜೊತೆಗೆ ರಾದ್ಕಾಳಿಗೊಂದು ಕಾಗದ ಬರೆಯಲು ಕೂತ. ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಹರಿದ. ಕೊನೆಗೆ ಉಳಿದದ್ದು ಇಷ್ಟು: ಎರಡು ತೋಳುಗಳನ್ನು ಬಿಗಿ ಮಾಡಬೇಡಿ. ಸ್ವಲ್ಪ ಸಡಿಲ ಇರಲಿ. ನೀವು ಊಟ ಯಾರ ಜೊತೆ ಮಾಡುತ್ತೀರಿ? ಕೆಳಗೆ ತನ್ನ ವಿಳಾಸ ಬರೆದು, ಎರಡನ್ನೂ ಆ ಮನುಷ್ಯನ ಕೈಗೆ ಕೊಟ್ಟ.

ಉತ್ತರ ಬಂದದ್ದು ಸೆಪ್ಟೆಂಬರಿನಲ್ಲಿ. ಕೆಲಸ ಮುಗಿಸಿ ಬಂದು, ಕಟ್ಟಡದ ಬಾಗಿಲ ಬಳಿಯ ಅಂಚೆಪೆಟ್ಟಿಗೆಯೆದುರು ನಿಂತೇ ಲಕೋಟೆ ಒಡೆದ. ಒಳಗೊಂದು ಚಿತ್ರ, ಉಂಗುರ ನೆಟ್ಟಗೆ ನಿಂತಿತ್ತು, ಮೂರು ಗುಂಡು ಕಾಣುತ್ತಿದ್ದವು, ಆಸರೆ ಕಾಣುತ್ತಿರಲಿಲ್ಲ. ಪಕ್ಕದ ಚೀಟಿಯಲ್ಲಿ ಎರಡು ಭಾಷೆಯಲ್ಲಿ ಅವಳ ಅಪ್ಪನ ಹೆಸರಿತ್ತು. ಚಿತ್ರದ ಹಿಂದೆ ನೀಲಿ ಶಾಯಿಯಲ್ಲಿ ಇಂಗ್ಲಿಷಿನ ಮೂರು ಸಾಲು. ಸಡಿಲವಾಗಿಯೇ ಇಟ್ಟಿದ್ದೇವೆ. ವಿಚಾರಣೆ ಮುಗಿದಿಲ್ಲ. ಊಟ ರೇಡಿಯೋ ಜೊತೆ, ನಿಮ್ಮದು?

ಅಣ್ಣಪ್ಪ ಅದನ್ನು ಎರಡು ಸಲ ಓದಿದ. ಮೇಲಕ್ಕೆ ಹೋಗದೆ, ಬೀದಿಯ ತುದಿಯ ಅಂಗಡಿಗೆ ನಡೆದು, ಬಲ್ಗೇರಿಯಾಕ್ಕೆ ಎಷ್ಟು ಸ್ಟ್ಯಾಂಪು ಹಚ್ಚಬೇಕೆಂದು ಕೇಳಿದ.